ಎಂಟನೇ ತರಗತಿಯ ಭೌತವಿಜ್ಞಾನ: ಜೂನ್‌ನಲ್ಲೇ ಬರೆದಿಡಬೇಕಾದ ನಿಯಮಗಳು

ಕೊಡಗಿನ ಹೈಸ್ಕೂಲಿಗೆ ಹೊಸದಾಗಿ ಬಂದ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಶಿಕ್ಷಕರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಎಂಟನೇ ತರಗತಿಯಲ್ಲಿ ಮಕ್ಕಳಿರುವ ಅಪ್ಪ-ಅಮ್ಮಂದಿರು ಓದಿದರೂ ನಷ್ಟವಿಲ್ಲ. ಏಳರ ತನಕ ಒಂದೇ ಪುಸ್ತಕ, ಒಬ್ಬರೇ ಟೀಚರ್ ಎಂದಿದ್ದ ವಿಜ್ಞಾನ ಎಂಟಕ್ಕೆ ಬಂದಾಗ ಬಹುತೇಕ ಕಡೆ ಎರಡು ಪಾಲಾಗುತ್ತದೆ. ಗಿಡ-ಪ್ರಾಣಿಗಳ ಪಾಠ ಒಬ್ಬರಿಗೆ, ಬಲ, ಒತ್ತಡ, ಶಬ್ದ, ಬೆಳಕು, ವಿದ್ಯುತ್ತು, ಲೋಹ-ಅಲೋಹಗಳೆಲ್ಲ ಇನ್ನೊಬ್ಬರಿಗೆ. ಬೀಗ ಹಾಕಿದ ಪ್ರಯೋಗಾಲಯದ ಒಳಗೆ ಮಗು ಮೊದಲು ಕಾಲಿಡುವುದೂ ಆಗಲೇ. ಹಾಗಾಗಿ ಇಲ್ಲಿ ಏನು ನಡೆಯುತ್ತದೆ, ಏನು ನಡೆಯುವುದಿಲ್ಲ ಎಂಬುದನ್ನು ಮೊದಲ ವಾರವೇ ಬರವಣಿಗೆಯಲ್ಲಿ ಕೊಡುವುದು ಒಳ್ಳೆಯದು.

"ಶಿಸ್ತಿನಿಂದಿರಿ, ಶಾಂತವಾಗಿರಿ, ಸಮಯಪಾಲನೆ ಮಾಡಿ" ಎಂಬ ಹಾಳೆ ಎಲ್ಲ ಶಾಲೆಗಳ ಗೋಡೆಯ ಮೇಲೂ ಇದೆ. ಅದನ್ನು ಓದಿ ಯಾವ ಮಗುವೂ ಸ್ಪಿರಿಟ್ ದೀಪವನ್ನು ಸರಿಯಾಗಿ ಆರಿಸಲು ಕಲಿತಿಲ್ಲ. ನಿಮ್ಮ ಹಾಳೆ ಒಂದೇ ಪುಟದ್ದಾಗಿರಲಿ, ನಿಯಮ ಏಳೆಂಟಕ್ಕಿಂತ ಹೆಚ್ಚು ಬೇಡ. ಪ್ರತಿ ನಿಯಮದ ಕೆಳಗೆ "ಯಾಕೆಂದರೆ" ಎಂದು ಶುರುವಾಗುವ ಒಂದು ವಾಕ್ಯ ಇರಲಿ. ಆ ವಾಕ್ಯ ನಿಮಗೇ ಹೊಳೆಯದಿದ್ದರೆ ಆ ನಿಯಮವನ್ನು ಕೈಬಿಡಿ.

ಹಂತ 1: ಮೊದಲ ನಿಯಮ – ಕಂಡದ್ದನ್ನೇ ಬರೆಯಬೇಕು

ಉಳಿದೆಲ್ಲ ನಿಯಮಗಳು ಇದರ ಮೇಲೆ ನಿಂತಿವೆ. ಇದನ್ನು ಬಾಯಲ್ಲಿ ಹೇಳಿದರೆ ಮಕ್ಕಳು "ಆಯ್ತು ಸರ್" ಎನ್ನುತ್ತಾರೆ, ಅಷ್ಟೇ. ಒಂದು ಪ್ರಯೋಗದ ಮೂಲಕ ತೋರಿಸಿದರೆ ಮಾತ್ರ ನಾಟುತ್ತದೆ. ಮಡಿಕೇರಿಯಂಥ ಊರಿನಲ್ಲಿದ್ದರೆ ಅದಕ್ಕೆ ನೀರು ಕುದಿಸುವುದಕ್ಕಿಂತ ಒಳ್ಳೆಯ ಪ್ರಯೋಗ ಇನ್ನೊಂದಿಲ್ಲ.

ಮೊದಲ ವಾರದಲ್ಲಿ, ಒಲೆಯ ಹತ್ತಿರ ನೀವೇ ನಿಂತು, ಇದನ್ನು ಮಾಡಿ. ಬೀಕರಿನಲ್ಲಿ ಅರ್ಧದಷ್ಟು ನೀರು, ಕೆಳಗೆ ತಂತಿಬಲೆ ಮತ್ತು ಸ್ಪಿರಿಟ್ ದೀಪ, ಸ್ಟ್ಯಾಂಡಿಗೆ ಕಟ್ಟಿದ ಥರ್ಮಾಮೀಟರ್. ಬುರುಡೆ ನೀರಿನಲ್ಲಿ ಮುಳುಗಿರಬೇಕು, ತಳಕ್ಕೆ ತಾಗಬಾರದು. ಎರಡೆರಡು ನಿಮಿಷಕ್ಕೊಮ್ಮೆ ಒಂದೊಂದು ಗುಂಪಿನಿಂದ ಒಬ್ಬರು ಬಂದು ಅಳತೆ ಓದಲಿ, ತನ್ನ ಪುಸ್ತಕದಲ್ಲಿ ಬರೆದುಕೊಳ್ಳಲಿ, ಜೋರಾಗಿ ಹೇಳುವುದು ಬೇಡ. ನೀರು ಕೊತಕೊತ ಕುದಿಯತೊಡಗಿದ ಮೇಲೂ ನಾಲ್ಕೈದು ಸಲ ಓದಿಸಿ. ಆಮೇಲೆ ಪುಸ್ತಕಗಳನ್ನು ನೋಡುತ್ತಾ ಹೋಗಿ. ಕೆಲವರು 96 ಎಂದು ಬರೆದಿರುತ್ತಾರೆ, ಕೆಲವರು 95. ಒಂದೆರಡು ಪುಸ್ತಕಗಳಲ್ಲಿ 96 ಎಂದು ಬರೆದು, ರಬ್ಬರಿನಿಂದ ಉಜ್ಜಿ, ಮೇಲೆ 100 ಎಂದು ಬರೆದದ್ದು ಕಾಣುತ್ತದೆ. ಉಜ್ಜಿದ ಜಾಗದಲ್ಲಿ ಕಾಗದ ಜಾಳಾಗಿರುತ್ತದೆ, ಬೆಳಕಿಗೆ ಹಿಡಿದರೆ ಹಳೆಯ ಅಂಕೆಯೂ ಓದಲು ಸಿಗುತ್ತದೆ. ಸಾಮಾನ್ಯವಾಗಿ ಆ ಮಗು ತರಗತಿಯ ಜಾಣ ಮಗುವೇ ಆಗಿರುತ್ತದೆ. ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ ಎಂದು ಅದಕ್ಕೆ ಚೆನ್ನಾಗಿ ಗೊತ್ತು.

ಗದರಬೇಡಿ, ಹೆಸರನ್ನೂ ಹೇಳಬೇಡಿ. ಲೆಕ್ಕ ತೋರಿಸಿ. ಮಡಿಕೇರಿ ಇರುವುದು ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿ. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಒತ್ತಡ ಕಡಿಮೆಯಾದರೆ ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ. ಹೆಚ್ಚುಕಡಿಮೆ 300 ಮೀಟರಿಗೆ ಒಂದು ಡಿಗ್ರಿಯಂತೆ ಕುದಿಬಿಂದು ಇಳಿಯುತ್ತದೆ ಎಂದಿಟ್ಟುಕೊಂಡರೆ ಮಡಿಕೇರಿಯಲ್ಲಿ ಸುಮಾರು 96 ಬರಬೇಕು. ಮಡಿಕೇರಿಗಿಂತ 300 ಮೀಟರಿನಷ್ಟು ತಗ್ಗಿನಲ್ಲಿರುವ ಕುಶಾಲನಗರದಲ್ಲಿ 97ರ ಹತ್ತಿರ ಬರುತ್ತದೆ, ಮಂಗಳೂರಿನ ಕಡಲ ದಂಡೆಯಲ್ಲಿ 100. ಅಂದರೆ 96 ಎಂದು ಬರೆದವರು ತಾವಿರುವ ಊರಿನ ಎತ್ತರವನ್ನು ನೀರಿನಿಂದ ಅಳೆದಿದ್ದಾರೆ. ಉಜ್ಜಿ 100 ಮಾಡಿದವರು ಆ ಮಾಹಿತಿಯನ್ನೇ ಅಳಿಸಿಹಾಕಿದ್ದಾರೆ. ಶಾಲೆಯ ಥರ್ಮಾಮೀಟರುಗಳು ಒಂದು ಡಿಗ್ರಿ ಆಚೀಚೆ ತೋರಿಸುವುದುಂಟು, ಅದನ್ನೂ ಮುಚ್ಚಿಡಬೇಡಿ. ಮೀನಿನ ಅಂಗಡಿಯಿಂದ ಒಂದಿಷ್ಟು ಐಸ್ ತರಿಸಿ ಕುಟ್ಟಿ, ಕರಗುತ್ತಿರುವ ಪುಡಿಯಲ್ಲಿ ಎಲ್ಲ ಥರ್ಮಾಮೀಟರುಗಳನ್ನೂ ನಿಲ್ಲಿಸಿ ಯಾವುದು ಸೊನ್ನೆ ತೋರಿಸುತ್ತದೆ, ಯಾವುದು ತೋರಿಸುವುದಿಲ್ಲ ಎಂದು ಚೀಟಿ ಅಂಟಿಸಿಡಿ. (ಮೀನಿಗೆ ಹಾಕುವ ಐಸಿನಲ್ಲಿ ಉಪ್ಪು ಬೆರೆತಿದ್ದರೆ ಸೊನ್ನೆಗಿಂತ ಕೆಳಗಿಳಿಯುತ್ತದೆ. ಮೊದಲು ತೊಳೆದುಕೊಳ್ಳಿ.)

ಇಷ್ಟಾದ ಮೇಲೆ ರೆಕಾರ್ಡ್ ಪುಸ್ತಕದ ನಿಯಮಗಳು ತಾವಾಗಿಯೇ ಬರುತ್ತವೆ. ಅಳತೆಯನ್ನು ಪೆನ್ನಿನಲ್ಲೇ ಬರೆಯಬೇಕು, ಚಿತ್ರಕ್ಕೆ ಮಾತ್ರ ಪೆನ್ಸಿಲ್. ತಪ್ಪಾದರೆ ಅಡ್ಡಲಾಗಿ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು. ವೈಟ್ನರ್ ನಿಷಿದ್ಧ. ಪ್ರತಿ ಪ್ರಯೋಗಕ್ಕೂ ದಿನಾಂಕ, ಜೊತೆಗಿದ್ದವರ ಹೆಸರು, ಅಳತೆಯ ಮುಂದೆ ಮಾನ. "ಉದ್ದ 12" ಎಂದು ಬರೆದರೆ ಅರ್ಧ ಅಂಕ ಹೋಯಿತು ಎಂದೇ ಹೇಳಿ. ಹನ್ನೆರಡು ಮಿಲಿಮೀಟರೋ ಹನ್ನೆರಡು ಗಜವೋ ಯಾರಿಗೆ ಗೊತ್ತು?

ರಫ್ ಪುಸ್ತಕದಲ್ಲಿ ಬರೆದು ಮನೆಯಲ್ಲಿ ಚಂದ ಮಾಡಿ "ಫೇರ್" ಮಾಡುವ ಪದ್ಧತಿಯನ್ನು ನಿಲ್ಲಿಸಿ ಎಂದು ನಾನು ಹೇಳುತ್ತೇನೆ, ಇದಕ್ಕೆ ಒಪ್ಪದ ಹಿರಿಯರು ಬೇಕಾದಷ್ಟು ಜನ ಇದ್ದಾರೆ. ಫೇರ್ ಮಾಡುವಾಗಲೇ 96 ಹೋಗಿ 100 ಬರುವುದು. ಮುಖ್ಯ ಶಿಕ್ಷಕರು ಫೇರ್ ರೆಕಾರ್ಡ್ ಬೇಕೇ ಬೇಕು ಎಂದರೆ ರಫ್ ಪುಸ್ತಕಕ್ಕೂ ಪುಟಸಂಖ್ಯೆ ಹಾಕಿಸಿ, ಅಂಕ ಕೊಡುವಾಗ ಅದನ್ನೇ ನೋಡಿ.

ಹಂತ 2: ಅಂಕ ಹೇಗೆ ಬರುತ್ತದೆ ಎಂದು ಹೇಳಿಬಿಡಿ

ವರ್ಷಕ್ಕೆ ನಾಲ್ಕು ರೂಪಣಾತ್ಮಕ (ಪಾಠದ ನಡುನಡುವೆ), ಎರಡು ಸಂಕಲನಾತ್ಮಕ (ಅವಧಿಯ ಕೊನೆಗೆ) ಮೌಲ್ಯಮಾಪನ ಎಂಬ ಚೌಕಟ್ಟು ಇಲಾಖೆಯದ್ದು, ಅದನ್ನು ನೀವು ಬದಲಿಸುವಂತಿಲ್ಲ. ಆದರೆ ಚಟುವಟಿಕೆಗೆ ಕೊಡುವ ಅಂಕ ಯಾವುದಕ್ಕೆ ಎಂಬುದು ನಿಮ್ಮ ಕೈಯಲ್ಲಿದೆ. ಹತ್ತು ಅಂಕದ ಪ್ರಯೋಗವೊಂದನ್ನು ನಾನು ಹೀಗೆ ಹಂಚುತ್ತೇನೆ: ಸ್ಥಳದಲ್ಲೇ ಬರೆದ ಅಳತೆಯ ಕೋಷ್ಟಕಕ್ಕೆ 4, ಮಾನ ಮತ್ತು ಲೆಕ್ಕಕ್ಕೆ 2, ಚಿತ್ರ ಅಥವಾ ನಕ್ಷೆಗೆ 2, "ಇದರಿಂದ ಏನು ತಿಳಿಯಿತು, ಎಲ್ಲಿ ಹೆಚ್ಚುಕಮ್ಮಿ ಆಗಿರಬಹುದು" ಎಂಬ ಎರಡು ಸಾಲಿಗೆ 2. ಉತ್ತರ ಪುಸ್ತಕದ ಅಂಕೆಗೆ ಹೊಂದಿತೇ ಎಂಬುದಕ್ಕೆ ಸೊನ್ನೆ. ಅಕ್ಷರ ಚಂದವಿದೆ ಎಂದು ಅಂಕ ಕೊಡಬೇಡಿ, ಓದಲು ಬಂದರೆ ಸಾಕು.

ಪೋಷಕರು ಕೇಳುವ ಪ್ರಶ್ನೆ ಇನ್ನೊಂದು: "ಇದೆಲ್ಲ ಎಸ್ಸೆಸ್ಸೆಲ್ಸಿಗೆ ಬರುತ್ತಾ?" ಬರುತ್ತದೆ. ಹತ್ತನೇ ತರಗತಿಯಲ್ಲಿ ವಿಜ್ಞಾನಕ್ಕೆ 80 ಅಂಕ ಲಿಖಿತ ಪರೀಕ್ಷೆಗೆ, 20 ಅಂಕ ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ. ಅಲ್ಲಿ ಕೋಷ್ಟಕ ತುಂಬುವ ಕೈ ಎಂಟರಲ್ಲೇ ಪಳಗಿರಬೇಕು.

ಹಂತ 3: ಗಡುವನ್ನು ಮಳೆ ನೋಡಿ ಇಡಿ

ಬಯಲುಸೀಮೆಯಿಂದ ವರ್ಗವಾಗಿ ಬಂದವರು ಎಡವುವುದು ಇಲ್ಲೇ. ಜೂನ್ ಕೊನೆಯಿಂದ ಆಗಸ್ಟ್ ತನಕ ಜಿಲ್ಲಾಧಿಕಾರಿಗಳು ಯಾವ ರಾತ್ರಿ ರಜೆ ಘೋಷಿಸುತ್ತಾರೋ ಹೇಳಲಾಗದು. ಮರ ಬಿದ್ದು ಕರೆಂಟು ಹೋದರೆ ಮೂರು ದಿನ ಬಾರದ ಊರುಗಳಿವೆ. ಹಾಗಾಗಿ "ಜುಲೈ 18ರೊಳಗೆ ಒಪ್ಪಿಸಿ" ಎಂದು ಬರೆಯಬೇಡಿ. "ಪ್ರಯೋಗ ಮಾಡಿದ ಮೇಲೆ ಶಾಲೆ ನಡೆಯುವ ಮೂರನೇ ದಿನ" ಎಂದು ಬರೆಯಿರಿ. ಎಷ್ಟು ರಜೆ ಬಂದರೂ ಲೆಕ್ಕ ಕೆಡುವುದಿಲ್ಲ, ನೆಪಕ್ಕೂ ಜಾಗವಿಲ್ಲ. ತಡವಾದರೆ ದಿನಕ್ಕೊಂದು ಅಂಕ ಕಳೆಯಿರಿ, ಆದರೆ ಅರ್ಧಕ್ಕಿಂತ ಕೆಳಗಿಳಿಸಬೇಡಿ. ಸೊನ್ನೆ ಸಿಗುವುದು ಖಚಿತವಾದರೆ ಮಗು ಬರೆಯುವುದನ್ನೇ ಬಿಡುತ್ತದೆ.

ರೆಕಾರ್ಡ್ ಪುಸ್ತಕ ಮಳೆಗಾಲದಲ್ಲಿ ಮನೆಗೆ ಹೋಗದಿರಲಿ. ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ಪ್ರಯೋಗಾಲಯದ ಬೀರುವಿನಲ್ಲೇ ಇಡಿಸಿ. 2018ರ ಆಗಸ್ಟ್‌ನ ಮಳೆ, ಭೂಕುಸಿತ ಕಂಡ ಜಿಲ್ಲೆಯಲ್ಲಿ ಈ ನಿಯಮಕ್ಕೆ "ಯಾಕೆಂದರೆ" ಬರೆಯುವ ಅಗತ್ಯವೇ ಬೀಳದು.

ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿ ಈ ಮೂರಕ್ಕೂ ಜಿಲ್ಲೆಗೆ ಸ್ಥಳೀಯ ರಜೆ ಇದೆ. ಅವುಗಳ ಹಿಂದಿನ ಮುಂದಿನ ದಿನ ಪರೀಕ್ಷೆ ಇಟ್ಟರೆ ಅರ್ಧ ತರಗತಿ ಖಾಲಿ. ಡಿಸೆಂಬರಿನಿಂದ ಫೆಬ್ರವರಿ ತನಕ ಕಾಫಿ ಕೊಯ್ಲು, ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆಯ) ಮಕ್ಕಳ ಹಾಜರಾತಿ ಆಗ ಇಳಿಯುತ್ತದೆ. ಪುಟ್ಟ ತಮ್ಮನನ್ನು ನೋಡಿಕೊಳ್ಳಲೆಂದೇ ಮನೆಯಲ್ಲಿ ಉಳಿಯುವವರು ಹೆಚ್ಚು. ತಪ್ಪಿದ ಪ್ರಯೋಗಕ್ಕೆ ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಪ್ರಯೋಗಾಲಯ ತೆರೆದಿರುತ್ತದೆ ಎಂದು ಹಾಳೆಯಲ್ಲೇ ಬರೆದಿಡಿ. ಹತ್ತನೇ ತರಗತಿಯಲ್ಲಿ ಪರೀಕ್ಷೆಗೆ ಕೂರಲು 75 ಶೇಕಡಾ ಹಾಜರಾತಿ ಬೇಕು ಎಂಬುದನ್ನೂ ಈಗಲೇ ಕಿವಿಗೆ ಹಾಕಿ.

ಪಾಠದ ಕ್ರಮವನ್ನೂ ಹವೆ ನೋಡಿ ಹಿಂದೆಮುಂದೆ ಮಾಡಿಕೊಳ್ಳುವುದು ಜಾಣತನ. ಜುಲೈಯಲ್ಲಿ ಬಾಚಣಿಗೆಯನ್ನು ತಲೆಗೆ ಎಷ್ಟು ಉಜ್ಜಿದರೂ ಕಾಗದದ ಚೂರು ಮೇಲೇಳುವುದಿಲ್ಲ. ತೇವದ ಗಾಳಿಯಲ್ಲಿ ಸ್ಥಾಯೀ ವಿದ್ಯುತ್ತು ನಿಲ್ಲದೆ ಸೋರಿಹೋಗುತ್ತದೆ. ಆವಿಯಾಗುವಿಕೆಯ ಪ್ರಯೋಗಕ್ಕೆ ತಟ್ಟೆಯಲ್ಲಿಟ್ಟ ನೀರು ವಾರವಾದರೂ ಹಾಗೇ ಇರುತ್ತದೆ, ಮೈಲುತುತ್ತದ (ತಾಮ್ರದ ಸಲ್ಫೇಟಿನ) ಹರಳು ಕಟ್ಟುವುದಿಲ್ಲ. ಇವನ್ನು ಜನವರಿಗೆ ತಳ್ಳಿ. ಮಳೆಗಾಲಕ್ಕೆ ಬಲ, ಘರ್ಷಣೆ, ಶಬ್ದ, ಒತ್ತಡ ಇರಲಿ. ವಿದ್ಯುತ್ ಪ್ರಯೋಗಗಳಿಗೆ ಗೋಡೆಯ ಪ್ಲಗ್ಗನ್ನು ಮುಟ್ಟುವಂತೆಯೇ ಇಲ್ಲ, ಟಾರ್ಚ್ ಸೆಲ್ ಮಾತ್ರ. ಸುರಕ್ಷತೆಗೂ ಸರಿ, ಕರೆಂಟಿಲ್ಲದ ದಿನಕ್ಕೂ ಸರಿ.

ಮಳೆಗಾಲದ್ದೇ ಆದ ಕೆಲಸವೂ ಒಂದಿದೆ. ಕೊಡಗಿನ ಎಷ್ಟೋ ತೋಟದ ಮನೆಗಳಲ್ಲಿ ಮಳೆಮಾಪಕ ಇದೆ. ಇಂಚು-ಸೆಂಟಿನಲ್ಲಿ ದಿನವೂ ಬರೆದಿಟ್ಟ ಹಳೆಯ ಡೈರಿಗಳಿವೆ. ಒಂದು ಇಂಚಿಗೆ ನೂರು ಸೆಂಟು, ಒಂದು ಇಂಚೆಂದರೆ 25.4 ಮಿಲಿಮೀಟರ್. ಮಳೆಮಾಪಕ ಇಲ್ಲದ ಮಗು ಬಾಯಿಂದ ಬುಡದ ತನಕ ಒಂದೇ ಅಗಲವಿರುವ ಡಬ್ಬಿಯನ್ನು ಬಯಲಲ್ಲಿಟ್ಟು, ಬೆಳಿಗ್ಗೆ ಸ್ಕೇಲಿನಿಂದ ನೀರಿನ ಎತ್ತರ ಅಳೆದರೆ ಸಾಕು. ಡಬ್ಬಿ ಸಣ್ಣದಾದರೂ ದೊಡ್ಡದಾದರೂ ಎತ್ತರ ಒಂದೇ ಬರುತ್ತದೆ, ಯಾಕೆ ಎಂಬುದನ್ನು ಅವರೇ ವಾದಿಸಿ ಕಂಡುಕೊಳ್ಳಲಿ. ಶಾಲೆಗೆ ರಜೆ ಇದ್ದರೂ ಈ ಅಳತೆಗೆ ರಜೆ ಇಲ್ಲ. ಒಂದು ದಿನ ಮರೆತರೆ ಆ ಜಾಗ ಖಾಲಿ ಬಿಡಬೇಕೇ ಹೊರತು ಅಂದಾಜಿನಲ್ಲಿ ತುಂಬುವಂತಿಲ್ಲ.

ಹಂತ 4: ಪ್ರಯೋಗಾಲಯದ ಸುರಕ್ಷತೆ

ಮೊದಲು ಬಟ್ಟೆ. ನಮ್ಮ ಮಕ್ಕಳು ವರ್ಷದಲ್ಲಿ ಅರ್ಧ ಕಾಲ ಸ್ವೆಟರ್, ಜರ್ಕಿನ್ ಹಾಕಿಯೇ ಇರುತ್ತಾರೆ. ನೈಲಾನ್ ಜರ್ಕಿನ್ ಉರಿಗೆ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ದೀಪ ಹಚ್ಚುವ ದಿನ ಜರ್ಕಿನ್ ಬಾಗಿಲ ಹೊರಗೆ, ಎಷ್ಟೇ ಚಳಿ ಇದ್ದರೂ. ಜಡೆ ಕಟ್ಟಿರಬೇಕು, ವೇಲ್ ಸೊಂಟಕ್ಕೆ ಸಿಕ್ಕಿಸಿರಬೇಕು. ಒದ್ದೆ ಛತ್ರಿ, ರೈನ್‌ಕೋಟ್ ಒಳಗೆ ಬಂದರೆ ನೆಲ ಜಾರುತ್ತದೆ, ಗಾಜು ಹಿಡಿದವರು ಬೀಳುತ್ತಾರೆ. ಅವಕ್ಕೆ ಹೊರಗೆ ಒಂದು ಹಗ್ಗ ಕಟ್ಟಿಸಿ.

ಸ್ಪಿರಿಟ್ ದೀಪವನ್ನು ಬೆಂಕಿಕಡ್ಡಿಯಿಂದಲೇ ಹಚ್ಚಬೇಕು. ಒಂದು ದೀಪವನ್ನು ಬಗ್ಗಿಸಿ ಇನ್ನೊಂದಕ್ಕೆ ಹಚ್ಚಬಾರದು. ಆರಿಸುವುದು ಮುಚ್ಚಳದಿಂದ, ಊದಿ ಅಲ್ಲ. ಉರಿಯುವ ದೀಪಕ್ಕೆ ಸ್ಪಿರಿಟ್ ತುಂಬುವುದು ಎಂದರೆ ಅನಾಹುತವನ್ನು ಕೈಬೀಸಿ ಕರೆದಂತೆ. ತುಂಬುವುದು ಶಿಕ್ಷಕರ ಕೆಲಸ, ಅದೂ ತರಗತಿ ಶುರುವಾಗುವ ಮೊದಲು. ಆಮ್ಲವನ್ನು ನೀರಿಗೆ ಹನಿಹನಿಯಾಗಿ ಸೇರಿಸಬೇಕು. ಆಮ್ಲದ ಮೇಲೆ ನೀರು ಸುರಿದರೆ ಒಮ್ಮೆಗೇ ಕಾವೆದ್ದು ಮುಖಕ್ಕೆ ಸಿಡಿಯುತ್ತದೆ. ಎಂಟನೇ ತರಗತಿಗೆ ಸಾರ ಆಮ್ಲದ ಬಾಟಲಿಯನ್ನು ಮೇಜಿನ ಮೇಲೇ ತರಬೇಡಿ, ತೆಳು ಮಾಡಿ ತುಂಬಿಸಿಟ್ಟದ್ದನ್ನು ಮಾತ್ರ ಕೊಡಿ. ಕಣ್ಣಿಗೆ ಏನೇ ಬಿದ್ದರೂ ಕನಿಷ್ಠ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ. ನಲ್ಲಿಯಲ್ಲಿ ನೀರಿಲ್ಲದ ದಿನ ರಾಸಾಯನಿಕದ ಪ್ರಯೋಗವೂ ಇಲ್ಲ. ಬಕೆಟಿನಲ್ಲಿ ಮರಳು, ಪಕ್ಕದಲ್ಲಿ ಹಳೆಯ ಕಂಬಳಿ ಇರಲಿ.

ಪಾದರಸದ ಥರ್ಮಾಮೀಟರ್ ಒಡೆದರೆ ಮಕ್ಕಳನ್ನು ಹೊರಗೆ ಕಳಿಸಿ ಕಿಟಕಿ ತೆರೆಯಿರಿ. ಪೊರಕೆ ಮುಟ್ಟಬೇಡಿ, ಗುಡಿಸಿದರೆ ಹನಿಗಳು ಇನ್ನೂ ಸಣ್ಣಗಾಗಿ ಮೂಲೆಮೂಲೆಗೆ ಹೋಗುತ್ತವೆ. ಕೈಗವಸು ಹಾಕಿಕೊಂಡು ಎರಡು ರಟ್ಟಿನ ಚೂರುಗಳಿಂದ ಹನಿಗಳನ್ನು ಒಟ್ಟುಗೂಡಿಸಿ, ಡ್ರಾಪರಿನಿಂದ ಹೀರಿ, ತಳದಲ್ಲಿ ನೀರಿರುವ ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಿ. ಸಿಂಕಿಗೆ ಬಿಡಬಾರದು. ಉಂಗುರ, ಬಳೆ ತೆಗೆದಿಡಿ, ಪಾದರಸ ಚಿನ್ನವನ್ನು ಹಿಡಿದರೆ ಬಿಡುವುದಿಲ್ಲ. ಮುಂದಿನ ಸಲ ಖರೀದಿಗೆ ಬರೆಯುವಾಗ ಕೆಂಪು ದ್ರವದ ಥರ್ಮಾಮೀಟರನ್ನೇ ಬರೆಯಿರಿ.

ಒಡೆದದ್ದಕ್ಕೆ ದಂಡ ವಸೂಲು ಮಾಡುವ ಶಾಲೆಗಳಿವೆ, ನಾನು ವಿರೋಧಿ. ದಂಡವಿದ್ದರೆ ಮಗು ಚೂರುಗಳನ್ನು ಡ್ರಾಯರಿನೊಳಗೆ ತಳ್ಳುತ್ತದೆ. ಒಂದು ನೋಟ್‌ಬುಕ್ ನೇತುಹಾಕಿ: ಏನು ಒಡೆಯಿತು, ಹೇಗೆ ಒಡೆಯಿತು ಎಂದು ಒಡೆದವರೇ ಬರೆಯಲಿ. ಬರೆದವರಿಗೆ ಬೈಗುಳ ಇಲ್ಲ, ಮುಚ್ಚಿಟ್ಟವರಿಗೆ ಆ ತಿಂಗಳು ಪ್ರಯೋಗವಿಲ್ಲ.

ಹಂತ 5: ತೋಟದಿಂದ ಏನು ತರಬಾರದು

ಪ್ರಯೋಗಕ್ಕೆ ಖಾಲಿ ಬಾಟಲಿ ತನ್ನಿ ಎಂದರೆ ಗೋದಾಮಿನ ಔಷಧಿ ಬಾಟಲಿ ಬರುವ ಊರು ನಮ್ಮದು. ಕೀಟನಾಶಕ, ಕಳೆನಾಶಕದ ಡಬ್ಬಿಗಳನ್ನು ಎಷ್ಟು ತೊಳೆದರೂ ತರುವಂತಿಲ್ಲ ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ. ಕೋವಿ ಇರುವ ಮನೆಯ ಮಕ್ಕಳು ಹಿತ್ತಾಳೆ ತೋರಿಸಲೆಂದು ಖಾಲಿ ಕಾಡತೂಸು ತರಲು ಹೊರಟರೆ ಅದಕ್ಕೂ ಬೇಡ ಎನ್ನಿ.

ಮೈಲುತುತ್ತದ ವಿಷಯ ಸ್ವಲ್ಪ ಬೇರೆ. ಕಾಫಿಗೂ ಕರಿಮೆಣಸಿಗೂ ಬೋರ್ಡೋ ದ್ರಾವಣ ಎಂಬ ಶಿಲೀಂಧ್ರನಾಶಕ ಹೊಡೆಯುವುದನ್ನು ಇವರೆಲ್ಲ ನೋಡಿರುತ್ತಾರೆ. ಶೇಕಡಾ ಒಂದರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಸುಣ್ಣ ಸಾಕಾಯಿತೇ ಎಂದು ನೋಡಲು ಚಾಕುವಿನ ಅಲಗನ್ನು ಅದ್ದಿ, ಕೆಂಪು ಲೇಪ ಕೂತರೆ ಇನ್ನಷ್ಟು ಸುಣ್ಣ ಹಾಕುತ್ತಾರೆ. ಪಠ್ಯದಲ್ಲಿ ಕಬ್ಬಿಣದ ಮೊಳೆಯನ್ನು ತಾಮ್ರದ ಸಲ್ಫೇಟಿನಲ್ಲಿ ಮುಳುಗಿಸುವ ಪ್ರಯೋಗವೂ ಇದೇ: ಕಬ್ಬಿಣ ದ್ರಾವಣಕ್ಕೆ ಇಳಿಯುತ್ತದೆ, ತಾಮ್ರ ಮೊಳೆಯ ಮೇಲೆ ಕೂರುತ್ತದೆ, ನೀಲಿ ಮಾಸಿ ಹಸಿರಿಗೆ ತಿರುಗುತ್ತದೆ. ಕಬ್ಬಿಣದ ಬಕೆಟಿನಲ್ಲಿ ಯಾಕೆ ಕಲಸಬಾರದು ಎಂದು ತರಗತಿಯಲ್ಲಿ ಕೇಳಿ ನೋಡಿ, ಅಪ್ಪನ ಜೊತೆ ತೋಟಕ್ಕೆ ಹೋಗುವ ಹಿಂದಿನ ಬೆಂಚಿನ ಹುಡುಗ ಮೊದಲು ಕೈ ಎತ್ತುತ್ತಾನೆ. ಅಷ್ಟಿದ್ದರೂ ಮನೆಯ ತುತ್ತ ಮನೆಯಲ್ಲೇ ಇರಲಿ. ಅದು ವಿಷ, ಶಾಲೆಯ ಅಳತೆಯ ಚಮಚದಲ್ಲಿ ನೀವು ಕೊಟ್ಟಷ್ಟೇ ಸಾಕು.

ಹಂತ 6: ಗುಂಪು, ನಕಲು, ಮೊಬೈಲ್

ಗುಂಪಿಗೆ ನಾಲ್ಕು ಮಂದಿ, ಪ್ರತಿ ಸಲ ಕೆಲಸ ಬದಲಾಗಬೇಕು. ಇಲ್ಲದಿದ್ದರೆ ಹುಡುಗರು ದೀಪ ಹಚ್ಚುವುದು, ಹುಡುಗಿಯರು ಬರೆಯುವುದು ಎಂದೇ ಮಾರ್ಚ್ ತನಕ ನಡೆಯುತ್ತದೆ. ಅಳತೆ ಗುಂಪಿನದ್ದು, ಕೊನೆಯ ಎರಡು ಸಾಲು ಅವರವರದ್ದು. ನಾಲ್ಕು ಪುಸ್ತಕದಲ್ಲೂ ಅದೇ ಎರಡು ಸಾಲು ಕಂಡರೆ ನಾಲ್ವರನ್ನೂ ಕರೆದು ಬಾಯಲ್ಲಿ ಕೇಳಿ, ಹೇಳಿದ್ದಕ್ಕೆ ಅಂಕ ಕೊಡಿ. ಅಂಗಡಿಯಲ್ಲಿ ಸಿಗುವ ಸಿದ್ಧ ಮಾದರಿ, ಪ್ರಿಂಟ್ ತೆಗೆಸಿದ ಪ್ರಾಜೆಕ್ಟ್, ಮೊಬೈಲಿನ ಎಐ ಬರೆದುಕೊಟ್ಟ ವರದಿ, ಎಲ್ಲಕ್ಕೂ ಒಂದೇ ನಿಯಮ: ಅದರಲ್ಲಿ ನೀನೇ ಅಳೆದ ಒಂದು ಸಂಖ್ಯೆ ಇರಬೇಕು, ಹೇಗೆ ಅಳೆದೆ ಎಂದು ನಿಂತು ಹೇಳಬೇಕು. ಈ ಒಂದು ಪ್ರಶ್ನೆಗೆ ಎದುರಿಸಿ ನಿಲ್ಲುವ ನಕಲು ಕಡಿಮೆ.

ಬರೆಯುವುದು ಮಾಧ್ಯಮದ ಭಾಷೆಯಲ್ಲಿ. ಆದರೆ ಗುಂಪಿನೊಳಗೆ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಎರವ ಮಾತು ಯಾವುದರಲ್ಲಿ ಬೇಕಾದರೂ ಜಗಳವಾಡಲಿ. ಕನ್ನಡ ಈಗಷ್ಟೇ ಕಲಿಯುತ್ತಿರುವ ವಲಸೆ ಕಾರ್ಮಿಕರ ಮಕ್ಕಳು ಮೊದಲ ಎರಡು ತಿಂಗಳು ಚಿತ್ರ ಮತ್ತು ಕೋಷ್ಟಕ ಮಾತ್ರ ಕೊಟ್ಟರೂ ಪೂರ್ಣ ಅಂಕಕ್ಕೆ ಅರ್ಹರು ಎಂದು ಹಾಳೆಯಲ್ಲಿ ಸೇರಿಸಿ.

ತಡವಾಗಿ ಬಂದವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಿದ್ದಾಪುರ, ಪಾಲಿಬೆಟ್ಟ ಕಡೆ ರಸ್ತೆಯಲ್ಲಿ ಆನೆ ನಿಂತಿತ್ತು ಎಂದು ಮಗು ಹೇಳಿದರೆ ಅದು ನಿಜವಾಗಿರುವ ಸಾಧ್ಯತೆಯೇ ಹೆಚ್ಚು. ಒಳಗೆ ಬಿಟ್ಟುಕೊಳ್ಳಿ. ದೀಪ ಹಚ್ಚಿದ ಮೇಲೆ ಬಂದವರು ಮಾತ್ರ ಸುರಕ್ಷತೆಯ ಸೂಚನೆ ಕೇಳಿಸಿಕೊಂಡೇ ಮೇಜಿಗೆ ಹೋಗಬೇಕು.

ಹಂತ 7: ನಿಮ್ಮ ಪಾಲಿನದ್ದು, ಮನೆಯವರ ಪಾಲಿನದ್ದು

ಹಾಳೆಯ ಕೊನೆಗೆ ಶಿಕ್ಷಕರ ನಿಯಮ ಬರೆಯಿರಿ. ಒಪ್ಪಿಸಿದ ಪುಸ್ತಕ ಶಾಲೆ ನಡೆಯುವ ಐದು ದಿನದೊಳಗೆ ವಾಪಸ್. ಅಂಕ ಕಳೆದರೆ ಯಾಕೆಂದು ಒಂದು ಪದವಾದರೂ ಬರೆದಿರುತ್ತೇನೆ. ನಾನೇ ಮಾಡಿ ನೋಡದ ಪ್ರಯೋಗವನ್ನು ಮಕ್ಕಳಿಗೆ ಕೊಡುವುದಿಲ್ಲ.

ಆಮೇಲೆ ಪೋಷಕರ ಸಭೆ. ಹಾಳೆಯನ್ನು ಮಗುವಿನ ಕೈಯಲ್ಲಿ ಕೊಟ್ಟು ಸಹಿ ಹಾಕಿಸಿಕೊಂಡು ಬಾ ಎಂದರೆ ಬಸ್ಸಿನಲ್ಲೇ ಸಹಿ ಬೀಳುತ್ತದೆ. ಸಭೆಯಲ್ಲಿ ಜೋರಾಗಿ ಓದಿ, ಪ್ರಯೋಗಾಲಯವನ್ನು ತೋರಿಸಿ, ಆಗ ಸಹಿಯನ್ನೋ ಹೆಬ್ಬೆಟ್ಟನ್ನೋ ತೆಗೆದುಕೊಳ್ಳಿ. ಅದೇ ಹಾಳೆಯಲ್ಲಿ ಮಗುವಿಗೆ ಉಬ್ಬಸ, ಅಪಸ್ಮಾರ, ಯಾವುದಾದರೂ ಅಲರ್ಜಿ ಇದೆಯೇ, ಹಗಲಿನಲ್ಲಿ ನೆಟ್‌ವರ್ಕ್ ಸಿಗುವ ಫೋನ್ ಯಾವುದು ಎಂದು ಕೇಳುವ ಎರಡು ಸಾಲು ಇರಲಿ. ತೋಟದ ಕೆಲಸದಲ್ಲಿರುವವರ ಫೋನು ಹಗಲಲ್ಲಿ ಸಿಗುವುದು ಅಪರೂಪ, ತೋಟದ ಲೆಕ್ಕ ಬರೆಯುವ ರೈಟರದ್ದೋ ಪಕ್ಕದ ಅಂಗಡಿಯದ್ದೋ ಇನ್ನೊಂದು ನಂಬರ್ ಬರೆಸಿಕೊಳ್ಳಿ. ಸಭೆಗೆ ಬಾರದವರ ಮಕ್ಕಳನ್ನು ಸಹಿ ಇಲ್ಲವೆಂದು ಪ್ರಯೋಗಾಲಯದ ಹೊರಗೆ ನಿಲ್ಲಿಸಬೇಡಿ. ಅವರ ಮನೆಯ ಕಡೆಗೆ ಹೋಗುವ ಸಹೋದ್ಯೋಗಿ ಯಾರಾದರೂ ಇದ್ದೇ ಇರುತ್ತಾರೆ, ಹಾಳೆಯನ್ನು ಅವರ ಕೈಯಲ್ಲಿ ಕಳಿಸಿ.